ಕಾಸರಗೋಡಿನಿಂದ ವಿಡಿಯೊ ಪತ್ರಿಕೋದ್ಯಮದ ಸ್ನಾತಕೋತ್ತರ ಓದಿಗೆ: ಗಡಿನಾಡಿನ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್ ಕೊನೆಗೆ, ಕೋವಿಡ್ ಲಾಕ್‌ಡೌನಿನ ಹೊತ್ತಿಗೆ, ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರಿನ ಆಸ್ಪತ್ರೆಯೇ ಗತಿ. ಆ ದಿನಗಳಲ್ಲಿ ಆಂಬುಲೆನ್ಸಿಗೂ ದಾರಿ ಸಿಗಲಿಲ್ಲ. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿಯ ಆಚೆ ನಿಂತ ಪೊಲೀಸರ ಮಾತು ಕನ್ನಡದಲ್ಲಿ, ಈಚೆ ನಿಂತ ಅಧಿಕಾರಿಗಳ ಮಾತು ಮಲಯಾಳದಲ್ಲಿ, ನಡುವೆ ಸಿಕ್ಕಿಬಿದ್ದ ರೋಗಿಯ ಮನೆಯವರ ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ. ಈ ಎಲ್ಲರ ಹತ್ತಿರವೂ ಅವರವರ ಭಾಷೆಯಲ್ಲೇ ಮಾತಾಡಿ, ಅದನ್ನು ಒಂದೇ ವರದಿಯಾಗಿ ಕಟ್ಟಬಲ್ಲವರು ಬೆಂಗಳೂರಿನಲ್ಲೂ ಇಲ್ಲ, ತಿರುವನಂತಪುರದಲ್ಲೂ ಇಲ್ಲ. ಅಂಥವರು ಇರುವುದು ಇಲ್ಲಿ, ನಮ್ಮ ಕಾಲೇಜುಗಳಲ್ಲಿ.

ವಿಡಿಯೊ ಪತ್ರಿಕೋದ್ಯಮ ಓದಬೇಕು ಅಂತ ಆಸೆಪಡುವ ಕಾಸರಗೋಡಿನ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನಿಮ್ಮ ಹತ್ತಿರ ಈಗಾಗಲೇ ದೊಡ್ಡ ಬಂಡವಾಳ ಇದೆ. ಕೋರ್ಸ್ ಆರಿಸುವಾಗ, ಕ್ಯಾಮೆರಾ ಕೊಳ್ಳುವಾಗ, ಪ್ರಾಜೆಕ್ಟ್ ಮಾಡುವಾಗ ಆ ಬಂಡವಾಳ ಬೆಳೆಯುವ ಹಾಗೆ ನೋಡಿಕೊಳ್ಳಿ.

ಹೆಜ್ಜೆ 1: ಕೆಲಸ ಎಂಥದ್ದು ಅಂತ ತಿಳಿದುಕೊಳ್ಳಿ

ಹಳೆಯ ಪದ್ಧತಿಯಲ್ಲಿ ವರದಿಗಾರ ಬೇರೆ, ಕ್ಯಾಮೆರಾದವರು ಬೇರೆ, ಎಡಿಟರ್ ಬೇರೆ. 1992ರಲ್ಲಿ ಶುರುವಾದ ನ್ಯೂಯಾರ್ಕಿನ ಎನ್‌ವೈ1 ಸುದ್ದಿ ಚಾನೆಲ್ ವರದಿಗಾರರ ಕೈಗೇ ಕ್ಯಾಮೆರಾ ಕೊಟ್ಟಿತು. ಈಗ ಫೋನ್ ಬಂದ ಮೇಲೆ ಎಲ್ಲ ಕಡೆಯೂ ಒಬ್ಬರೇ ಶೂಟ್ ಮಾಡಿ, ಬರೆದು, ದನಿ ಕೊಟ್ಟು, ಎಡಿಟ್ ಮಾಡಿ ಕಳಿಸುವುದು ಸಾಮಾನ್ಯವಾಗುತ್ತಿದೆ. ನಮ್ಮ ದೊಡ್ಡ ಚಾನೆಲ್‌ಗಳಲ್ಲಿ ಇನ್ನೂ ಇಬ್ಬರು ಮೂವರ ತಂಡವೇ ಜಾಸ್ತಿ. ಆದರೆ ಜಿಲ್ಲಾ ಮಟ್ಟದ ವರದಿಗಾರಿಕೆಯಲ್ಲಿ ನೀವು ಒಬ್ಬರೇ ಆಗಿರುತ್ತೀರಿ. ಆದ್ದರಿಂದ ಸ್ಟುಡಿಯೊದಲ್ಲಿ ಕೂತು ಸುದ್ದಿ ಓದುವ ಕನಸು ಮಾತ್ರ ಇದ್ದರೆ ಇದು ನಿಮ್ಮ ದಾರಿಯಲ್ಲ. ಮಳೆಯಲ್ಲಿ ಬೈಕ್ ಹತ್ತಿ ಎಣ್ಮಕಜೆಗೆ ಹೋಗಿ ರಾತ್ರಿ ಹತ್ತಕ್ಕೆ ಎಡಿಟ್ ಮುಗಿಸುವುದು ಇಷ್ಟವಾದರೆ ಮುಂದೆ ಓದಿ.

ಹೆಜ್ಜೆ 2: ಅರ್ಜಿ ಹಾಕುವ ಮೊದಲೇ ಎರಡು ಮೂರು ಸಣ್ಣ ವರದಿ ಮಾಡಿ

ಪದವಿಯ ಕೊನೆಯ ವರ್ಷದಲ್ಲೇ ಇದನ್ನು ಶುರುಮಾಡಿ. ಒಂದೊಂದು ಎರಡು ಮೂರು ನಿಮಿಷದ್ದು ಸಾಕು. ಸಂದರ್ಶನದಲ್ಲಿ ತೋರಿಸಲು ಬೇಕಾಗುತ್ತದೆ ಅನ್ನುವುದು ಒಂದು ಕಾರಣ. ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ಫೀಸು ಕಟ್ಟುವ ಮೊದಲೇ ಗೊತ್ತಾಗುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ.

ವಿಷಯ ಹುಡುಕಿ ದೂರ ಹೋಗಬೇಡಿ. ಬೀಡಿ ಕಟ್ಟುವ ಒಬ್ಬ ಅಕ್ಕ ನಿಮ್ಮ ಓಣಿಯಲ್ಲೇ ಇದ್ದಾರೆ, ಅಲ್ವಾ? ಅವರ ಹತ್ತಿರ ಕೂತು ಐದು ಶಾಟ್ ತೆಗೆಯಿರಿ. ಮೊದಲನೆಯದು ಕೈ: ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತುವುದು, ನೂಲು ಕಟ್ಟುವುದು. ಎರಡನೆಯದು ಅವರ ಮುಖ. ಮೂರನೆಯದು ಸ್ವಲ್ಪ ದೂರದಿಂದ, ಮಡಿಲ ಮೇಲಿನ ಗೆರಸೆ, ಜಗಲಿ, ಅಂಗಳ ಎಲ್ಲ ಕಾಣುವ ಹಾಗೆ. ನಾಲ್ಕನೆಯದು ಅವರ ಹೆಗಲ ಹಿಂದಿನಿಂದ, ಅವರಿಗೆ ಕಾಣುವಂತೆಯೇ. ಐದನೆಯದು ಬೇರೆ ಯಾರಿಗೂ ಹೊಳೆಯದ ಕೋನ. ಪ್ರತಿಯೊಂದನ್ನೂ ಕ್ಯಾಮೆರಾ ಅಲ್ಲಾಡಿಸದೆ ಹತ್ತು ಸೆಕೆಂಡ್ ಹಿಡಿಯಿರಿ. ಹೊಸಬರು ಎರಡು ಸೆಕೆಂಡಿಗೇ ಕ್ಯಾಮೆರಾ ತಿರುಗಿಸಿಬಿಡುತ್ತಾರೆ, ಆಮೇಲೆ ಎಡಿಟ್ ಮಾಡುವಾಗ ಕತ್ತರಿಸಲು ಏನೂ ಉಳಿದಿರುವುದಿಲ್ಲ. ಸಂಜೆ ಅವರು ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೊರಟರೆ ನೀವೂ ಜೊತೆಗೆ ಹೋಗಿ. ಕಟ್ಟು ಎಣಿಸುವಾಗ ಅವರ ಮುಖ ನೋಡಿ. ಕಥೆ ಇರುವುದು ಅಲ್ಲಿ.

ಎರಡನೆಯ ವರದಿಗೆ ಸುರಂಗ ಆರಿಸಬಹುದು. ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ ಸುರಂಗಗಳಿಂದ ನೀರು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹೊರಗಿನವರಿಗೆ ಇದು ಅಚ್ಚರಿ, ನಮಗೆ ದಿನದ ನೀರು. ಇಲ್ಲಿ ಕಲಿಯಬೇಕಾದ್ದು ಪ್ರಶ್ನೆ ಕೇಳುವ ರೀತಿ. "ಅಣ್ಣಾ, ನೀವು ಎಷ್ಟು ಸುರಂಗ ತೋಡಿದ್ದೀರಿ?" ಅಂದರೆ ಒಂದು ಅಂಕಿ ಬರುತ್ತದೆ, ಮಾತು ಮುಗಿಯುತ್ತದೆ. "ಅಣ್ಣಾ, ಒಳಗೆ ಗಾಳಿ ಸಾಲದಿದ್ರೆ ನಿಮಗೆ ಹೇಗೆ ಗೊತ್ತಾಗ್ತದೆ?" ಅಂತ ಕೇಳಿ. ಮೊಂಬತ್ತಿಯ ಜ್ವಾಲೆ ಸಣ್ಣದಾಗುವುದು, ಪಿಕ್ಕಾಸು ಕೆಳಗಿಟ್ಟು ಹಿಂದೆ ಸರಿಯುವುದು, ಮನೆಯವರು ಹೊರಗೆ ಕಾಯುವುದು ಎಲ್ಲ ಒಂದೊಂದಾಗಿ ಬರುತ್ತದೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಇರಿ. ಒಳ್ಳೆಯ ಮಾತು ಎಷ್ಟೋ ಸಲ ಆ ಮೌನ ಆದ ಮೇಲೆ ಬರುತ್ತದೆ.

ಹೆಜ್ಜೆ 3: ಎಲ್ಲಿ ಓದುವುದು

ಹತ್ತಿರದ್ದನ್ನು ಮೊದಲು ನೋಡೋಣ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ವಿಭಾಗ ಇದೆ, ಎರಡು ವರ್ಷದ ಎಂ.ಎ. ಕಾಸರಗೋಡಿನಿಂದ ಮಂಗಳೂರಿನ ಬಸ್ಸು ಹತ್ತಿ ತೊಕ್ಕೊಟ್ಟಿನಲ್ಲಿ ಇಳಿದರೆ ದೇರಳಕಟ್ಟೆ ದಾರಿಯಾಗಿ ಕೊಣಾಜೆಗೆ ಬಸ್ಸು ಸಿಗುತ್ತದೆ. ಮಂಜೇಶ್ವರ, ಉಪ್ಪಳದವರು ಮನೆಯಿಂದಲೇ ಹೋಗಿ ಬರಬಹುದು. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲೂ ಇದೇ ವಿಷಯದ ಎಂ.ಎ. ಇದೆ. ಅವರದ್ದೇ ಸಮುದಾಯ ರೇಡಿಯೊ, ರೇಡಿಯೊ ಸಾರಂಗ್, ಇರುವುದರಿಂದ ದನಿಯ ಕೆಲಸ ಚೆನ್ನಾಗಿ ಕಲಿಯಬಹುದು. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೂ ಪತ್ರಿಕೋದ್ಯಮದ ಎಂ.ಎ. ಇದೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲೂ ಈ ವಿಭಾಗಗಳು ಹಳೆಯವು.

ಕೇರಳದ ಒಳಗೇ ಇರಬೇಕು, ಮಲಯಾಳ ಚೆನ್ನಾಗಿ ಓದಿ ಬರೆಯಲು ಬರುತ್ತದೆ ಅಂದರೆ ಕೊಚ್ಚಿ ಕಾಕ್ಕನಾಡಿನ ಕೇರಳ ಮೀಡಿಯಾ ಅಕಾಡೆಮಿಯ ಟಿ.ವಿ. ಪತ್ರಿಕೋದ್ಯಮದ ಪಿ.ಜಿ. ಡಿಪ್ಲೊಮಾ ನೋಡಿ.

ದೂರ ಹೋಗಲು ಸಿದ್ಧರಿದ್ದರೆ ಆಯ್ಕೆ ಜಾಸ್ತಿ. ದೆಹಲಿಯ ಜಾಮಿಯಾ ಮಿಲಿಯಾದ ಎ.ಜೆ.ಕೆ. ಮಾಸ್ ಕಮ್ಯುನಿಕೇಶನ್ ರಿಸರ್ಚ್ ಸೆಂಟರ್ 1982ರಿಂದ ಇದೆ. ಅಲ್ಲಿನ ಎಂ.ಎ. ಕೋರ್ಸ್‌ಗಳಲ್ಲಿ ಚಿತ್ರೀಕರಣದ ಕೆಲಸಕ್ಕೆ ದೊಡ್ಡ ಜಾಗ ಇದೆ. 1965ರಲ್ಲಿ ಶುರುವಾದ ದೆಹಲಿಯ ಐಐಎಂಸಿಯಲ್ಲಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಶನ್) ರೇಡಿಯೊ ಮತ್ತು ಟಿ.ವಿ. ಪತ್ರಿಕೋದ್ಯಮದ ಪಿ.ಜಿ. ಡಿಪ್ಲೊಮಾ ಇದೆ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನದ್ದು ಸುಮಾರು ಒಂದು ವರ್ಷದ ಡಿಪ್ಲೊಮಾ. ಖರ್ಚು ಜಾಸ್ತಿ, ಕೆಲಸವೂ ಬಿಗಿ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಸಂವಹನದ ಎಂ.ಎ. ಇದೆ. ಬರೀ ಕ್ಯಾಮೆರಾ ಅಥವಾ ಎಡಿಟಿಂಗ್ ಮಾತ್ರ ಆಳವಾಗಿ ಬೇಕು ಅನ್ನುವವರಿಗೆ ಪುಣೆಯ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಎಫ್‌ಟಿಐಐಯ ಟಿ.ವಿ. ವಿಭಾಗದ ಒಂದು ವರ್ಷದ ಕೋರ್ಸ್‌ಗಳಿವೆ.

ಡಿಪ್ಲೊಮಾ ಮತ್ತು ಎಂ.ಎ. ನಡುವೆ ಆರಿಸುವಾಗ ಒಂದು ವಿಷಯ ಮರೆಯಬೇಡಿ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು, ಪಿಎಚ್.ಡಿ. ಮಾಡಬೇಕು ಅನ್ನುವ ಯೋಚನೆ ಸ್ವಲ್ಪವಾದರೂ ಇದ್ದರೆ ಎಂ.ಎ.ಯನ್ನೇ ಮಾಡಿ. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಕಾಲೇಜು ಅಧ್ಯಾಪಕರಾಗುವ ಅರ್ಹತೆ ಪಡೆಯಲು ಸ್ನಾತಕೋತ್ತರ ಪದವಿ ಬೇಕು. ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಒಳ್ಳೆಯ ಕಡೆಯ ಡಿಪ್ಲೊಮಾ ಸಾಕು.

ಸೇರುವ ಮೊದಲು ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಹೊಳೆಯುವ ಸ್ಟುಡಿಯೊ ನೋಡಿ ಮರುಳಾಗಬೇಡಿ. ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೇಳಿ: ಕ್ಯಾಮೆರಾ ವಾರಕ್ಕೆ ಎಷ್ಟು ಸಲ ಕೈಗೆ ಸಿಗುತ್ತದೆ? ಮನೆಗೆ ಕೊಂಡುಹೋಗಲು ಬಿಡುತ್ತಾರಾ? ಎಡಿಟ್ ಮಾಡಿದ್ದನ್ನು ಮೇಷ್ಟ್ರು ಪಕ್ಕ ಕೂತು ನೋಡಿ ತಿದ್ದುತ್ತಾರಾ, ಇಲ್ಲ ಬರೀ ಅಂಕ ಹಾಕಿ ಕಳಿಸುತ್ತಾರಾ? ಪ್ರಾಜೆಕ್ಟನ್ನು ಕನ್ನಡದಲ್ಲಿ ಮಾಡಬಹುದಾ? ನನ್ನ ಮಟ್ಟಿಗೆ ಮೂರನೆಯ ಪ್ರಶ್ನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯ. ಕ್ಯಾಮೆರಾ ಬಾಡಿಗೆಗೂ ಸಿಗುತ್ತದೆ. ಪಕ್ಕ ಕೂತು ತಿದ್ದುವ ಮೇಷ್ಟ್ರು ಹಾಗೆ ಸಿಗುವುದಿಲ್ಲ.

ಹೆಜ್ಜೆ 4: ಕಾಗದಪತ್ರ

ನಮ್ಮ ಊರಿನ ಮಕ್ಕಳು ಎಡವುವುದು ಇಲ್ಲೇ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲೋ ಮಂಜೇಶ್ವರದ ಗೋವಿಂದ ಪೈ ಕಾಲೇಜಿನಲ್ಲೋ ಓದಿದವರ ಪದವಿ ಕಣ್ಣೂರು ವಿಶ್ವವಿದ್ಯಾಲಯದ್ದು. ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಸೇರುವಾಗ ನೀವು ಹೊರರಾಜ್ಯದ ವಿಶ್ವವಿದ್ಯಾಲಯದಿಂದ ಬಂದವರು. ವರ್ಗಾವಣೆ ಪತ್ರ, ಮೈಗ್ರೇಶನ್ ಪ್ರಮಾಣಪತ್ರ, ಸೇರುವ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪತ್ರ, ಇವೆಲ್ಲ ಬೇಕಾಗುತ್ತವೆ. ಫಲಿತಾಂಶ ತಡವಾದರೆ ಏನು ಮಾಡಬೇಕು ಅಂತ ಮೊದಲೇ ವಿಭಾಗದ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಮೂರು ವರ್ಷಕ್ಕೆ ಮುಗಿಸಿ ಹೊರಬರಲೂ ಅವಕಾಶ ಇದೆ. ಕರ್ನಾಟಕ ಅದೇ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷಕ್ಕೆ ನಿಲ್ಲಿಸಿದರೆ ಎರಡು ವರ್ಷದ ಎಂ.ಎ. ಅಂತ ಲೆಕ್ಕ ಹಾಕಿ. ನಾಲ್ಕನೆಯ ವರ್ಷ ಓದುವ ಮೊದಲು, ನೀವು ಸೇರಬೇಕೆಂದಿರುವ ಕಡೆ ಒಂದು ವರ್ಷದ ಎಂ.ಎ. ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಒಂದು ವರ್ಷ ಸುಮ್ನೆ ಹೋಗುತ್ತದೆ.

ಇನ್ನೊಂದು, ಗಡಿನಾಡು ಕನ್ನಡಿಗರ ಕೋಟಾ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸ್‌ಗಳಿಗೆ ಇಂಥ ಅವಕಾಶ ಇದೆ. ನೀವು ಸೇರುವ ಎಂ.ಎ.ಗೂ ಇದೆಯೇ ಅಂತ ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಹುಡುಕಿ, ಕಾಣದಿದ್ದರೆ ಕೇಳಿ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲೆಯಿಂದ ಪ್ರಮಾಣಪತ್ರ, ಗ್ರಾಮ ಕಚೇರಿಯಿಂದ ವಾಸದ ದಾಖಲೆ ತೆಗೆದಿಡಿ. ಗ್ರಾಮ ಕಚೇರಿಯ ಕಾಗದ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಪ್ರತಿ ಕೇಳಿ ಪಡೆಯಿರಿ, ಇಲ್ಲವೇ ಅನುವಾದಿಸಿ ನೋಟರಿ ಮಾಡಿಸಿ. ಕೊನೆಯ ದಿನ ಇದಕ್ಕಾಗಿ ಓಡಾಡುವ ಹಾಗಾಗಬಾರದು. ಸಾಲ ಬೇಕಾದವರು ವಿದ್ಯಾಲಕ್ಷ್ಮಿ ಪೋರ್ಟಲ್, ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ನೋಡಿ.

ಹೆಜ್ಜೆ 5: ಪ್ರವೇಶ ಪರೀಕ್ಷೆ

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೆಚ್ಚಾಗಿ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪತ್ರಿಕೋದ್ಯಮಕ್ಕೆ ಬೇರೆಯೇ ಪತ್ರಿಕೆ ಇದೆ: 75 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಈಚಿನ ವರ್ಷಗಳಲ್ಲಿ ಡಿಸೆಂಬರ್–ಜನವರಿಯಲ್ಲಿ ಅರ್ಜಿ, ಮಾರ್ಚ್‌ನಲ್ಲಿ ಪರೀಕ್ಷೆ. ಅಂಥ ಕಡೆಯ ಎಂ.ಎ.ಯ ಯೋಚನೆ ನಿಮಗೆ ಮೇ ತಿಂಗಳಲ್ಲಿ ಬಂದರೆ ಆ ವರ್ಷದ ಅವಕಾಶ ಹೋಯಿತು ಅಂತಲೇ ಅರ್ಥ. ಜಾಮಿಯಾದಂಥ ಕೆಲವು ಕಡೆ ತಮ್ಮದೇ ಪರೀಕ್ಷೆ ಮತ್ತು ಸಂದರ್ಶನ ಇರುತ್ತದೆ.

ಸಂದರ್ಶನದಲ್ಲಿ "ನಿಮ್ಮ ಊರಿನ ಬಗ್ಗೆ ಹೇಳಿ" ಅಂತ ಕೇಳಿದರೆ ಬೇಕಲ ಕೋಟೆ ಅಂತ ಶುರುಮಾಡಬೇಡಿ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಅಂಗಡಿ ಕಳೆದುಕೊಂಡವರು, ಅಡಿಕೆಯ ಹಳದಿ ಎಲೆ ರೋಗ, ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದಾಗ ಆಗುವ ತೊಂದರೆ, ಇಂಥದ್ದರಲ್ಲಿ ಒಂದನ್ನು ಹಿಡಿದು, ಅದನ್ನು ವಿಡಿಯೊದಲ್ಲಿ ಹೇಗೆ ತೋರಿಸುತ್ತೀರಿ ಅಂತ ಹೇಳಿ. ಮೊದಲ ಶಾಟ್ ಯಾವುದು, ಯಾರನ್ನು ಮಾತಾಡಿಸುತ್ತೀರಿ, ಎದುರು ಪಕ್ಷದವರು ಯಾರು.

ಹೆಜ್ಜೆ 6: ಏನು ಕೊಳ್ಳಬೇಕು, ಏನು ಬೇಡ

ಮೊದಲ ವರ್ಷ ಕ್ಯಾಮೆರಾ ಕೊಳ್ಳಬೇಡಿ. ಸಾಧಾರಣ ಒಳ್ಳೆಯ ಫೋನ್, ಒಂದು ಗಟ್ಟಿ ಟ್ರೈಪಾಡ್, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್, ಇಯರ್‌ಫೋನ್ ಸಾಕು. ಹಣ ಕಡಿಮೆ ಇದ್ದರೆ ಮೈಕಿಗೆ ಮೊದಲು ಹಾಕಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಫೋನಿನ ಮಾಮೂಲಿ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹೀಗಾಗಿ ಪಂಚಾಯತು ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುತ್ತದೆ. 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಸರಿಹೋಗುತ್ತದೆ. ಇದನ್ನೆಲ್ಲ ಕೈಯಾರೆ ಹೊಂದಿಸಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಆ್ಯಪ್ ಉಚಿತವಾಗಿ ಸಿಗುತ್ತದೆ.

ಕರಾವಳಿಯ ಮಳೆಗಾಲ ಲೆನ್ಸಿಗೆ ದೊಡ್ಡ ಶತ್ರು. ಜೂನ್‌ನಿಂದ ಮೂರು ತಿಂಗಳು ಬ್ಯಾಗಿನಲ್ಲೇ ಬಿಟ್ಟರೆ ಗಾಜಿನ ಒಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದು ತೇವ ಹೀರಿ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ಕಡಲ ಬದಿಯಲ್ಲಿ ಶೂಟ್ ಮಾಡಿದ ದಿನ ಉಪ್ಪಿನಂಶ ಹೋಗುವ ಹಾಗೆ ಮೆತ್ತನೆ ಬಟ್ಟೆಯಿಂದ ಒರೆಸಿಯೇ ಒಳಗಿಡಿ.

ಹೆಜ್ಜೆ 7: ದನಿ ಹಿಡಿಯಲು ಕಲಿಯಿರಿ

ಇದನ್ನು ಕಲಿಯಲು ಯಕ್ಷಗಾನದ ಆಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಆಟ ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ಫೋನನ್ನು ಆಟೊ ಮೋಡ್‌ನಲ್ಲಿಟ್ಟು ರೆಕಾರ್ಡ್ ಮಾಡಿ ಕೇಳಿ ನೋಡಿ. ಭಾಗವತರ ಪದ ನಿಧಾನಕ್ಕೆ ಏರುತ್ತಿರುತ್ತದೆ, ಚೆಂಡೆ ಬಿದ್ದ ಕೂಡಲೇ ದನಿ ಕುಸಿದು ಪದ ಮುಳುಗುತ್ತದೆ. ಚೆಂಡೆ ನಿಂತ ಮೇಲೆ ನಿಧಾನಕ್ಕೆ ಎದ್ದು ಬರುವಾಗ ಹಿಂದಿನ ಜನರೇಟರ್ ಸದ್ದೂ ಜೊತೆಗೆ ಏರುತ್ತದೆ. ಯಂತ್ರ ತಾನೇ ದನಿ ಹೊಂದಿಸಲು ಹೋಗಿ ಹೀಗಾಗುತ್ತದೆ. ಅದನ್ನು ನಿಲ್ಲಿಸಿ ಕೈಯಿಂದಲೇ ಮಟ್ಟ ಇಡಿ. ಆಟ ಶುರುವಾಗುವ ಮೊದಲು ಚೆಂಡೆಯವರು ಪರೀಕ್ಷೆಗೆ ಬಾರಿಸುವಾಗ ದನಿಯ ಮಟ್ಟ ತೋರಿಸುವ ಮುಳ್ಳು −6 ಡೆಸಿಬಲ್ ದಾಟದ ಹಾಗೆ ನೋಡಿ. ಭಾಗವತರ ಪದಕ್ಕೆ ಬೇರೆಯೇ ಒಂದು ರೆಕಾರ್ಡರ್ ಇಡಲು ಸಾಧ್ಯವಾದರೆ, ಅವರ ಒಪ್ಪಿಗೆ ಕೇಳಿ ಇಡಿ. ತೆಯ್ಯಂ, ಕೋಲಗಳಿಗೂ ಇದೇ ಲೆಕ್ಕ. ಆದರೆ ಅಲ್ಲಿ ಕ್ಯಾಮೆರಾ ತೆಗೆಯುವ ಮೊದಲು ತರವಾಡಿನವರ ಅಥವಾ ಗುತ್ತಿನವರ ಅನುಮತಿ ಬೇಕು. ಎಲ್ಲಿ ನಿಲ್ಲಬಾರದು, ಯಾವಾಗ ಲೈಟ್ ಹಾಕಬಾರದು ಅಂತ ಅವರೇ ಹೇಳುತ್ತಾರೆ.

ಎಲ್ಲೇ ಹೋದರೂ ಹೊರಡುವ ಮೊದಲು ಯಾರೂ ಮಾತಾಡದೆ ಆ ಜಾಗದ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವಿನ ಸಂದಿ ಮುಚ್ಚಲು ಅದೇ ಬೇಕು.

ಹೆಜ್ಜೆ 8: ಎಡಿಟಿಂಗ್, ಸಬ್‌ಟೈಟಲ್

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ ಕಲಿಯಲು ಬೇಕಾದ್ದೆಲ್ಲ ಇದೆ. ಕಾಲೇಜುಗಳಲ್ಲಿ ಹೆಚ್ಚಾಗಿ ಅಡೋಬಿ ಪ್ರೀಮಿಯರ್ ಕಲಿಸುತ್ತಾರೆ. ಪ್ರೀಮಿಯರ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತರೆ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಿಸಿ. ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. "ಕ್ಷೇತ್ರ", "ರಾಷ್ಟ್ರ", "ಸ್ವಾತಂತ್ರ್ಯ" ಈ ಮೂರು ಪದ ಸರಿಯಾಗಿ ಬಂದರೆ ಉಳಿದದ್ದೂ ಬರುತ್ತದೆ.

ನಮ್ಮ ವರದಿಗಳಲ್ಲಿ ಸಬ್‌ಟೈಟಲ್ ಜಾಸ್ತಿ ಬೇಕಾಗುತ್ತದೆ. ಅಜ್ಜಿ ತುಳುವಿನಲ್ಲಿ ಮಾತಾಡಲಿ, ಅದರ ಮೇಲೆ ನಿಮ್ಮ ದನಿ ಹೊದಿಸಬೇಡಿ. ಕೆಳಗೆ ಎರಡು ಸಾಲು ಮೀರದ ಕನ್ನಡ ಹಾಕಿ. ಆ ಭಾಷೆ ಮನೆಮಾತಾಗಿರುವ ಒಬ್ಬರಿಗೆ ತೋರಿಸಿಯೇ ಪ್ರಕಟಿಸಿ. ನಿಮ್ಮ ಸ್ವಂತ ಕನ್ನಡದಲ್ಲಿ "ಉಂಟು", "ಹೇಳ್ತದೆ" ಬಂದರೆ ನಾಚಿಕೆಪಡಬೇಕಿಲ್ಲ. ಸ್ಪಷ್ಟವಾಗಿ, ನಿಧಾನವಾಗಿ ಓದಿದರೆ ಬೀದರಿನವರಿಗೂ ಅರ್ಥವಾಗುತ್ತದೆ.

ಶೂಟ್ ಮಾಡಿದ್ದನ್ನು ಆ ದಿನವೇ ಎರಡು ಬೇರೆ ಕಡೆ ನಕಲು ಮಾಡಿ. ಅಲ್ಲಿಯ ತನಕ ಮೆಮೊರಿ ಕಾರ್ಡ್ ಅಳಿಸಬೇಡಿ.

ಹೆಜ್ಜೆ 9: ಕಾನೂನು, ಮತ್ತು ಅದಕ್ಕೂ ಮೀರಿದ್ದು

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದೆ. ಮುಖ ಮಸುಕು ಮಾಡಿದರೆ ಸಾಲದು, ಮನೆ, ಶಾಲೆಯ ಯೂನಿಫಾರ್ಮ್, ಅಪ್ಪನ ಹೆಸರು ಯಾವುದರಿಂದಲೂ ಗುರುತು ಸಿಗಬಾರದು. ಡ್ರೋನ್ ಹಾರಿಸುವ ಮೊದಲು 2021ರ ಡ್ರೋನ್ ನಿಯಮ ಓದಿ, ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಬೇಕಲ ಕೋಟೆ ಪುರಾತತ್ವ ಇಲಾಖೆಯದ್ದು. ಅಲ್ಲಿ ವರದಿಗೆ ಚಿತ್ರೀಕರಿಸುವುದಾದರೆ ಮೊದಲೇ ಅನುಮತಿ ಕೇಳಿ. ಇಲಾಖೆಗಳಿಂದ ದಾಖಲೆ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕೋರ್ಸ್ ಮುಗಿಯುವ ಮೊದಲು ಒಂದಾದರೂ ಅರ್ಜಿ ಹಾಕಿ ಕಲಿಯಿರಿ.

ಕಾನೂನು ಹೇಳದ್ದೂ ಇದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳಕ್ಕೆ ಹೇಳಿತು. ಆ ಮನೆಗಳಿಗೆ ಕ್ಯಾಮೆರಾ ಹೊಸದಲ್ಲ. ಮಗುವಿನ ಮುಖಕ್ಕೆ ಲೆನ್ಸ್ ಹಿಡಿದು, ಚಿತ್ರ ತೆಗೆದು, ಹೋದವರು ತಿರುಗಿ ಬಂದಿಲ್ಲ ಅಂತ ತಾಯಂದಿರು ಹೇಳುವುದನ್ನು ಕೇಳಿದ್ದೇನೆ. ನೀವು ಅಂಥ ಮನೆಗೆ ಹೋಗುವುದಾದರೆ ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಏನು ತೆಗೆಯುತ್ತೀರಿ, ಎಲ್ಲಿ ತೋರಿಸುತ್ತೀರಿ, ಯಾರೆಲ್ಲ ನೋಡಬಹುದು ಅಂತ ಅವರ ಭಾಷೆಯಲ್ಲಿ ಹೇಳಿ. ಬೇಡ ಅಂದರೆ ಚಹಾ ಕುಡಿದು ಬನ್ನಿ. ಒಪ್ಪಿದರೆ ಮಗುವಿನ ಕಾಯಿಲೆಯನ್ನಷ್ಟೇ ತೋರಿಸಬೇಡಿ, ಆ ತಾಯಿ ಪಿಂಚಣಿಗಾಗಿ ಹತ್ತಿದ ಮೆಟ್ಟಿಲುಗಳನ್ನೂ, ಹಿಡಿದುಕೊಂಡಿರುವ ಫೈಲನ್ನೂ ತೋರಿಸಿ. ಮುಗಿದ ವರದಿಯನ್ನು ಮೊದಲು ಅವರಿಗೆ ತೋರಿಸಿ.

ಹೆಜ್ಜೆ 10: ಕೊನೆಯ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಕೆಲಸ

ಕೊನೆಯ ಸೆಮಿಸ್ಟರಿನ ಸಾಕ್ಷ್ಯಚಿತ್ರಕ್ಕೆ ನಿಮ್ಮ ಊರಿನದ್ದೇ ವಿಷಯ ಆರಿಸಿ, ಮೊದಲ ವರ್ಷದಿಂದಲೇ ಶೂಟ್ ಶುರುಮಾಡಿ. ಎರಡು ಮಳೆಗಾಲ, ಒಂದು ಬೇಸಿಗೆ ಸಿಕ್ಕಿದರೆ ಸುರಂಗದ ನೀರು ಇಳಿಯುವುದನ್ನೂ ಏರುವುದನ್ನೂ ತೋರಿಸಬಹುದು. ಮೂರು ವಾರದಲ್ಲಿ ಮುಗಿಸಿದ ಪ್ರಾಜೆಕ್ಟಿನಲ್ಲಿ ಅದು ಆಗುವುದಿಲ್ಲ.

ಇಂಟರ್ನ್‌ಶಿಪ್ಪಿಗೆ ಬೆಂಗಳೂರಿನ ದೊಡ್ಡ ಚಾನೆಲ್ ಸಿಕ್ಕಿದರೆ ಒಳ್ಳೆಯದೇ. ಆದರೆ ಅಲ್ಲಿ ತಿಂಗಳಿಡೀ ಪರದೆಯ ಕೆಳಗೆ ಓಡುವ ಸ್ಕ್ರಾಲ್ ಟೈಪ್ ಮಾಡಿ ಬರುವವರೂ ಇದ್ದಾರೆ. ಮಂಗಳೂರು ಅಥವಾ ಕಾಸರಗೋಡಿನ ಒಂದು ಬ್ಯೂರೊದಲ್ಲಿ ದಿನಾ ಹೊರಗೆ ಹೋಗಲು ಸಿಕ್ಕಿದರೆ ನಾನು ಅದನ್ನೇ ಆರಿಸಿ ಅನ್ನುತ್ತೇನೆ. ಸಾಧ್ಯವಾದರೆ ಒಂದು ಕನ್ನಡ, ಒಂದು ಮಲಯಾಳ ಸಂಸ್ಥೆ, ಎರಡರಲ್ಲೂ ಸ್ವಲ್ಪ ದಿನ ಮಾಡಿ.

ಕೆಲಸಕ್ಕೆ ಚಾನೆಲ್‌ಗಳು, ದೂರದರ್ಶನ, ಸುದ್ದಿಸಂಸ್ಥೆಗಳ ವಿಡಿಯೊ ವಿಭಾಗ, ಡಿಜಿಟಲ್ ಸುದ್ದಿತಾಣಗಳಿವೆ. ಸುದ್ದಿಸಂಸ್ಥೆ ಪಿಟಿಐ 2023ರಲ್ಲಿ ವಿಡಿಯೊ ಸೇವೆ ಶುರುಮಾಡಿದೆ. ಜಿಲ್ಲೆಯಿಂದ ವರದಿ ಕಳಿಸುವ ಸ್ಟ್ರಿಂಗರ್ ಆಗಿ ಶುರುಮಾಡುವವರೇ ಹೆಚ್ಚು. ಹಾಗೆ ಶುರುಮಾಡುವುದಾದರೆ ಮೊದಲ ವಿಡಿಯೊ ಕಳಿಸುವ ಮೊದಲೇ ನಾಲ್ಕು ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಒಂದು ವರದಿಗೆ ಎಷ್ಟು ಕೊಡುತ್ತಾರೆ, ಎಷ್ಟು ದಿನದಲ್ಲಿ ಕೊಡುತ್ತಾರೆ, ಬಸ್ಸು ಪೆಟ್ರೋಲಿನ ಖರ್ಚು ಯಾರದ್ದು, ಬಳಸದೆ ಉಳಿದ ಕಚ್ಚಾ ಫೂಟೇಜ್ ಯಾರದ್ದು. ನಾಲ್ಕನೆಯದು ಬಾಯಿಮಾತಿನಲ್ಲೇ ಉಳಿದರೆ, ವರ್ಷಗಳ ಮೇಲೆ ಅದೇ ಫೂಟೇಜಿನಿಂದ ನಿಮ್ಮ ಸ್ವಂತ ಸಾಕ್ಷ್ಯಚಿತ್ರ ಮಾಡಲು ಹೊರಟಾಗ ತಕರಾರು ಬರುತ್ತದೆ. ಇಮೇಲ್‌ಗೆ ಉತ್ತರ ಬಂದ ಮೇಲೆಯೇ ಕಳಿಸಿ.